ಎರಡು ಸಲ ಬಂದ ಎಲೆ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕವನ್ನು ಬಿಟ್ಟರೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಬಟ್ಟೆ ಮುದ್ರಿಸುವ ಆ ಕಾರ್ಖಾನೆಯಲ್ಲಿ ಯಜಮಾನರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವಳು ಅಂಚಕ್ಕ. ಎದುರಿಗೆ ಯಾರು ಬಂದು ನಿಂತರೂ ಅವಳ ಕಣ್ಣು ಮೊದಲು ಅವರ ಮುಖಕ್ಕೆ ಹೋಗುತ್ತಿರಲಿಲ್ಲ, ಅವರ ಬಟ್ಟೆಯ ಅಂಚಿಗೆ ಹೋಗುತ್ತಿತ್ತು. ಒಂದು ಮದುವೆಮನೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರ ಅಂಗಿಯ ಹೂವು ಹೊಲಿಗೆಯ ಹತ್ತಿರ ಸರಿಯಾಗಿ ಕೂಡಿರಲಿಲ್ಲ. ಅದನ್ನು ನೋಡುತ್ತ ಇವಳು ಅವರ ಬೆನ್ನ ಹಿಂದೆಯೇ ಊಟದ ಮನೆಯ ತನಕ ನಡೆದು, ಕೊನೆಗೆ ಅವರೇ ತಿರುಗಿ "ಏನು ಬೇಕಿತ್ತಮ್ಮ?" ಎಂದು ಕೇಳುವ ಹಾಗಾಗಿತ್ತು. ಹೆಸರು ಅವಳಿಗೆ ಸುಮ್ಮನೆ ಅಂಟಿದ್ದಲ್ಲ.

ಅವಳ ಕೆಲಸವೂ ಅಂಚಿನದೇ. ಪರದೆ, ಹಾಸಿಗೆಯ ಹಾಸು, ಮೇಜಿನ ಬಟ್ಟೆ, ಇವುಗಳ ಮೇಲೆ ಎಲೆಯೋ ಹೂವೋ ಕಲ್ಲೋ ಸಾವಿರ ಮೀಟರ್ ಉದ್ದಕ್ಕೂ ಹರಡಿರುತ್ತದಲ್ಲ, ಅಷ್ಟಕ್ಕೂ ಮೂಲ ಒಂದೇ ಒಂದು ಫೋಟೋ. ಅದನ್ನೇ ಅಕ್ಕಪಕ್ಕ, ಮೇಲೆ ಕೆಳಗೆ ಇಡುತ್ತ ಹೋಗುತ್ತಾರೆ. ಹಾಗೆಯೇ ಇಟ್ಟರೆ ಒಂದರ ಅಂಚು ಇನ್ನೊಂದರ ಅಂಚಿಗೆ ತಾಗಿದ ಕಡೆಯೆಲ್ಲ ಗೆರೆ ಎದ್ದು ಕಾಣುತ್ತದೆ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಉಪಾಯ ಉಂಟು. ಫೋಟೋವನ್ನು ಸಮನಾಗಿ ನಾಲ್ಕು ತುಂಡು ಮಾಡಿ, ಎಡದ್ದನ್ನು ಬಲಕ್ಕೂ ಮೇಲಿನದನ್ನು ಕೆಳಕ್ಕೂ ಅದಲುಬದಲು ಮಾಡುವುದು. ಆಗ ಹೊರಗಿದ್ದ ಅಂಚುಗಳೆಲ್ಲ ನಡುವಿಗೆ ಬಂದು ಕೂಡುಗೆರೆಗಳು ಕಣ್ಣೆದುರಿಗೇ ಬೀಳುತ್ತವೆ. ಹೊಸ ಹೊರ ಅಂಚುಗಳು ಮೊದಲು ಫೋಟೋದ ಹೊಟ್ಟೆಯೊಳಗೇ ಇದ್ದವಾದ್ದರಿಂದ ಒಂದಕ್ಕೊಂದು ತಾವಾಗಿಯೇ ಕೂಡಿಕೊಳ್ಳುತ್ತವೆ. ಉಳಿದ ಕೆಲಸ ನಡುವಿನ ಗೆರೆಯನ್ನು ಅಳಿಸುವುದು. ಅದಕ್ಕೊಂದು ಸಲಕರಣೆ ಇದೆ. ಒಂದು ಕಡೆಯ ಎಲೆಯನ್ನು ಎತ್ತಿ ಇನ್ನೊಂದು ಕಡೆ ಒತ್ತುತ್ತದೆ. ಅಂಚಕ್ಕ ಅದನ್ನು ಠಸ್ಸೆ ಎನ್ನುತ್ತಿದ್ದಳು.

ಗೆರೆ ಅಳಿಸುವುದನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯಬಹುದು. ಕಷ್ಟ ಇರುವುದು ಬೇರೆ ಕಡೆ. ಫೋಟೋದಲ್ಲಿ ಎಲ್ಲಾದರೂ ಕಣ್ಣಿಗೆ ಬಡಿಯುವಂಥದ್ದು ಒಂದಿದ್ದರೆ, ಒಂದು ಹಳದಿ ಎಲೆ, ಒಂದು ಸೊಟ್ಟ ಕಡ್ಡಿ, ಅದು ಅರ್ಧ ಮೀಟರಿಗೊಮ್ಮೆ ಮತ್ತೆ ಮತ್ತೆ ಬಂದು ಸಾಲಾಗಿ ನಿಂತುಬಿಡುತ್ತದೆ. ಅಲ್ಲಿಗೆ ಗುಟ್ಟು ರಟ್ಟು. ಆದ್ದರಿಂದ ಚೆನ್ನಾಗಿರುವುದು, ಬೇರೆಯಾಗಿರುವುದು, ತನ್ನ ಪಾಡಿಗೆ ತಾನು ತಲೆಯೆತ್ತಿರುವುದು ಯಾವುದಿದ್ದರೂ ಹುಡುಕಿ ಹುಡುಕಿ ಅಳಿಸಬೇಕು. ಹದಿನೆಂಟು ವರ್ಷ ಅಂಚಕ್ಕ ಅದನ್ನೇ ಮಾಡಿದ್ದಳು.

ಅವಳು ಕೂರುತ್ತಿದ್ದ ಕೋಣೆಯ ಗೋಡೆಗಳಿಗೆಲ್ಲ ಬೂದು ಬಣ್ಣ. ಇದ್ದ ಒಂದು ಕಿಟಕಿಗೆ ಕರಿ ಕಾಗದ ಅಂಟಿಸಿದ್ದರು. ಹೊರಗಿನ ಬೆಳಕು ಬಿದ್ದರೆ ಕಂಪ್ಯೂಟರಿನ ಪರದೆಯ ಮೇಲಿನ ಬಣ್ಣ ಸುಳ್ಳು ಹೇಳುತ್ತದಂತೆ. ಮಳೆ ಬಂದದ್ದು ಅವಳಿಗೆ ಗೊತ್ತಾಗುತ್ತಿದ್ದದ್ದು ಒಳಗೆ ಬಂದವರ ಒದ್ದೆ ಚಪ್ಪಲಿಯಿಂದ. ಗಾಣದ ಎತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಇವಳಿಗೆ ಕಿಟಕಿಗೇ ಕಟ್ಟಿದ್ದರು.

ಸಂಜೆ ಐದೂವರೆಗೆ ಎದ್ದರೆ ಆರೂಕಾಲಿಗೆ ಮನೆ. ಅಲ್ಲಿ ಇನ್ನೊಂದು ಕೋಣೆ, ಅದರಲ್ಲಿ ಅಮ್ಮ. ಹನ್ನೊಂದು ವರ್ಷದ ಹಿಂದೆ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡ ಅಮ್ಮ ಮತ್ತೆ ಎದ್ದು ನಡೆಯಲಿಲ್ಲ. ಅಣ್ಣ ಅತ್ತಿಗೆ ಮೇಲಿನ ಮಹಡಿಯಲ್ಲಿದ್ದರು. ಅತ್ತಿಗೆ ಮಧ್ಯಾಹ್ನ ಇಳಿದು ಬಂದು ಊಟ ಕೊಟ್ಟು, ಬಟ್ಟೆ ಬದಲಿಸಿ, ಹತ್ತು ಮಾತಾಡಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಅಮ್ಮನಿಗೆ ಎದುರುಗಡೆಯ ಕಿಟಕಿ, ಕಿಟಕಿಗೆ ಹಾಕಿದ ಪರದೆ. ಪರದೆ ಕಾರ್ಖಾನೆಯದೇ, ಹೊಸ ವಿನ್ಯಾಸವನ್ನು ಮೊದಲು ಒಂದು ತುಂಡಿನ ಮೇಲೆ ಮುದ್ರಿಸಿ ನೋಡುತ್ತಾರಲ್ಲ, ಅಂಥ ಮಾದರಿ ತುಂಡು.

ಒಂದು ದಿನ ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಅಮ್ಮ ಹಾಸಿಗೆಯಿಂದ ಕೂಗಿದಳು, "ಸಿಕ್ತು! ಆ ತೂತಿನ ಎಲೆ ಇದೆಯಲ್ಲ, ಅದು ಒಂಬತ್ತು ಕಡೆ ಬಂದಿದೆ. ನಿಮ್ಮ ಕಾರ್ಖಾನೆಯೋರು ಮೋಸಗಾರರು ಕಣೆ."

ಅಂಚಕ್ಕ ಬೆಚ್ಚಿಬಿದ್ದಳು. ಅದು ಅವಳ ಕಣ್ಣಿಗಾಗಲಿ ಯಜಮಾನರ ಕಣ್ಣಿಗಾಗಲಿ ಬಿದ್ದಿರಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಅದನ್ನೇ ನೋಡುತ್ತ ಮಲಗಿದವರಿಗೆ ಮಾತ್ರ ಕಾಣುವಂಥ ತಪ್ಪು ಅದು. "ಸರಿ ಮಾಡ್ತೀನಿ ಬಿಡಮ್ಮ" ಎಂದಳು. ಮರುದಿನ ಹೋಗಿ ಸರಿಮಾಡಿದಳು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಪ್ರತಿ ಮಾದರಿ ತುಂಡೂ ಒಂದೆರಡು ದಿನ ಅಮ್ಮನ ಎದುರಿನ ಕಿಟಕಿಯಲ್ಲಿ ನೇತಾಡಬೇಕು. ಅಮ್ಮ "ಸಿಕ್ತು" ಅಂದರೆ ಇವಳು "ಸರಿ ಮಾಡ್ತೀನಿ" ಅನ್ನಬೇಕು. ಅಮ್ಮ "ಊಹೂಂ, ಸಿಗಲಿಲ್ಲ" ಎಂದು ಸೋಲೊಪ್ಪಿದ ಮೇಲೆಯೇ ಬಟ್ಟೆ ದೊಡ್ಡ ಮಷಿನ್ನಿಗೆ. ಒಂದೇ ಒಂದು ಸಲ ಅವಸರದಲ್ಲಿ ಅಮ್ಮನಿಗೆ ತೋರಿಸದೆ ಕಳಿಸಿದ್ದಳು. ಮರದ ಹಲಗೆಯ ಫೋಟೋ ಅದು. ಅದರಲ್ಲಿದ್ದ ಒಂದು ಗಂಟು ಆರುನೂರು ಮೀಟರ್ ಬಟ್ಟೆಯ ತುಂಬ ಬಿಟ್ಟ ಕಣ್ಣಿನ ಹಾಗೆ ಸಾಲಾಗಿ ಕೂತು, ಇಡೀ ಮಾಲು ವಾಪಸು ಬಂತು. ಆಮೇಲೆ ಅವಳಿಗೆ ಆ ಧೈರ್ಯ ಮತ್ತೆ ಬರಲಿಲ್ಲ. ಅಂಚಕ್ಕನ ಕೈಯಿಂದ ಹೋದ ಬಟ್ಟೆಯಲ್ಲಿ ತಪ್ಪು ಹುಡುಕಿದವರಿಲ್ಲ ಎಂದು ಯಜಮಾನರು ಬಂದವರೆದುರು ಕೊಚ್ಚಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ಪಾಲು ಹಾಸಿಗೆ ಹಿಡಿದ ಮುದುಕಿಯದು ಎಂಬುದು ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೀಗಿರುವಾಗ ಕ್ಯಾಮರಾ ಮಾವ ನಿವೃತ್ತಿಯ ಮಾತೆತ್ತಿದರು. ಕಾರ್ಖಾನೆಗೆ ಬೇಕಾದ ಫೋಟೋ ತೆಗೆಯುವವರು ಅವರು. ತಿಂಗಳಿಗೆ ಹತ್ತು ದಿನ ವ್ಯಾನಿನಲ್ಲಿ ಹೋಗಿ ಕಾಡಿನ ನೆಲ, ಹೊಳೆಯ ಕಲ್ಲು, ಹಳೇ ಗೋಡೆ, ಏನು ಸಿಕ್ಕಿದರೆ ಅದನ್ನು ಹಿಡಿದು ತರುತ್ತಿದ್ದರು. ಹದಿನೆಂಟು ವರ್ಷ ಅಂಚಕ್ಕ ಜಗತ್ತನ್ನು ನೋಡಿದ್ದು ಅವರು ತಂದದ್ದರಲ್ಲಿ. ಅದೂ ನಾಲ್ಕು ತುಂಡು ಮಾಡಿ. ಅವಳಿಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಜನ್ಮದಲ್ಲಿ ಏನನ್ನೂ ಕೇಳದವಳು ಯಜಮಾನರ ಕೋಣೆಗೆ ಹೋಗಿ, ಕೂರಿ ಅನ್ನುವ ಮೊದಲೇ ಕೂತು, ಕೇಳಿಯೇಬಿಟ್ಟಳು.

"ನೀವು ಹೊರಗೆ ಹೋದ್ರೆ ಇಲ್ಲಿ ಕೂರೋರು ಯಾರು?" ಎಂದರು ಯಜಮಾನರು.

"ಪಕ್ಕದ ಕುರ್ಚಿಯವಳಿಗೆ ಎಲ್ಲ ಹೇಳಿಕೊಟ್ಟಿದೀನಿ. ನಾನೂ ತಿಂಗಳಲ್ಲಿ ಇಪ್ಪತ್ತು ದಿನ ಇಲ್ಲೇ ಇರ್ತೀನಲ್ಲ."

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ನೋಡಿ ಅಂಚಕ್ಕ, ಆಸ್ಪತ್ರೆಯವರ ಪರದೆ ಬಂದಿದೆಯಲ್ಲ, ಆ ಹಸಿರು ಬೇಲಿಯದು. ಅದನ್ನ ಶುಕ್ರವಾರದೊಳಗೆ ಮುಗಿಸಿ ಕೊಡಿ. ಶುಕ್ರವಾರ ಮಧ್ಯಾಹ್ನ ಮಾವನ ಕಡೇ ಪ್ರವಾಸ. ಯಾರು ಜೊತೆಗೆ ಹೋಗಿ ಕಲೀತಾರೋ ಅವರದೇ ಕ್ಯಾಮರಾ. ಬೇಲಿ ಮುಗಿದ್ರೆ ನೀವು ವ್ಯಾನ್ ಹತ್ತಿ. ಮುಗೀಲಿಲ್ಲ ಅಂದ್ರೆ ನನ್ನ ಅಳಿಯ ಇದ್ದೇ ಇದ್ದಾನೆ."

ಅವರ ಅಳಿಯ ಎಲ್ಲ ಕಡೆಯೂ ಇದ್ದೇ ಇರುವಂಥ ಮನುಷ್ಯ. ಅಂಚಕ್ಕ ಅವತ್ತೇ ಅಂಗಡಿಗೆ ಹೋಗಿ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡಳು; ಕಲ್ಲು ಮುಳ್ಳಿನಲ್ಲಿ ನಡೆಯಬೇಕಲ್ಲ. ಅದನ್ನು ಮೇಜಿನ ಕೆಳಗೆ ಇಟ್ಟುಕೊಂಡು ಆಗಾಗ ಕಾಲಿನಿಂದ ಮುಟ್ಟಿ ನೋಡುತ್ತಿದ್ದಳು. ಅತ್ತಿಗೆಯನ್ನು ಕೇಳಿದಳು. "ಹತ್ತು ದಿನ ತಾನೆ, ನೋಡ್ಕೋತೀನಿ ಹೋಗೇ" ಎಂದಳು ಅತ್ತಿಗೆ. ಆ ಮಾತಿನಲ್ಲಿ ಅಷ್ಟೇನೂ ಬಿಗಿ ಇರಲಿಲ್ಲ. ಕೊನೆಗೆ ಅಮ್ಮನಿಗೆ ಹೇಳಿದಳು.

"ಹೋಗು. ಯಾರು ಬೇಡ ಅಂದ್ರು?" ಎಂದಳು ಅಮ್ಮ. "ಕಾಲಿದ್ದೋರು ನಡೀಬೇಕು."

ಸೋಮವಾರ ಸಂಜೆ ಬೇಲಿಯ ಮೊದಲ ತುಂಡು ಕಿಟಕಿಗೆ ಏರಿತು. ದಟ್ಟ ಎಲೆಗಳ ಬೇಲಿ, ನಡುನಡುವೆ ಚೂರು ಬಿಸಿಲು. ಮಂಗಳವಾರ ಸಂಜೆ ಅಮ್ಮ, "ಸಿಕ್ತು. ಒಂದು ಹಳದಿ ಎಲೆ. ಅರ್ಧ ಮೀಟರಿಗೊಂದು" ಎಂದಳು. ನಿಜ, ಅದು ಅಲ್ಲಿತ್ತು. ಬುಧವಾರ ಅಂಚಕ್ಕ ಅದನ್ನು ಅಳಿಸಿ ಎರಡನೇ ತುಂಡು ತಂದಳು. ಗುರುವಾರ ಬೆಳಗ್ಗೆ ಅಮ್ಮ ಮತ್ತೆ, "ಸಿಕ್ತು. ಬಿಸಿಲಿನ ಚೂರು ಒಂದೇ ಓರೆಯಲ್ಲಿ ಹೋಗ್ತಿದೆ" ಎಂದಳು. ಅಂಚಕ್ಕ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ಕಾಣಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಅಮ್ಮನ ಕಣ್ಣು ತಪ್ಪಿದ್ದಿಲ್ಲ. ತನ್ನ ಕಣ್ಣೇ ದಣಿದಿರಬೇಕು ಅಂದುಕೊಂಡಳು.

ಇನ್ನು ಒಂದೊಂದೇ ಎಲೆ ಅಳಿಸುತ್ತ ಕೂತರೆ ಶುಕ್ರವಾರ ದಾಟುತ್ತದೆ ಎಂದು ಹೊಳೆದು, ಗುರುವಾರ ಅವಳು ತಲೆ ಓಡಿಸಿದಳು. ಬೇಲಿಯ ಒಂದು ಫೋಟೋದ ಬದಲು ಮಾವ ಅದೇ ಬೇಲಿಯ ಅಕ್ಕಪಕ್ಕ ತೆಗೆದಿದ್ದ ಒಂಬತ್ತು ಬೇರೆ ಬೇರೆ ಫೋಟೋಗಳನ್ನು ಒಟ್ಟಿಗೆ ಸೇರಿಸಿ ದೊಡ್ಡದೊಂದು ಚೌಕ ಮಾಡಿದಳು. ಅರ್ಧ ಮೀಟರಿಗೊಮ್ಮೆ ಮರಳಿ ಬರುತ್ತಿದ್ದ ಎಲೆ ಈಗ ಒಂದೂವರೆ ಮೀಟರಿಗೊಮ್ಮೆ ಬರಬೇಕು. ಬಟ್ಟೆಯ ಅಗಲವೇ ಒಂದೂವರೆ ಮೀಟರ್. ಊಟ ಬಿಟ್ಟು, ಟೀ ಬಿಟ್ಟು, ಐದೂವರೆಯ ಹೊತ್ತಿಗೆ ಮುಗಿಸಿದಳು. ಮಷಿನ್ನಿನವನು ಗೊಣಗುತ್ತ ಮಾದರಿ ತುಂಡು ಮುದ್ರಿಸಿ ಮಡಿಸಿ ಕೈಗಿಟ್ಟ. ಅವಳು ಓಡಿ ಬಸ್ಸು ಹಿಡಿದಳು, ಆರೂಕಾಲಿಗೆ ಮನೆ ಸೇರಿದಳು, ತುಂಡನ್ನು ಕಿಟಕಿಗೆ ಸಿಕ್ಕಿಸಿ ಅಮ್ಮನ ಹಾಸಿಗೆಯ ಬಟ್ಟೆ ಬದಲಿಸಲು ಕೂತಳು.

ಶುಕ್ರವಾರ ಬೆಳಗ್ಗೆ ಹೊರಡುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ಕೇಳಿದಳು. "ಏನಮ್ಮ? ಸಿಗಲಿಲ್ಲ ತಾನೆ?"

ಅಮ್ಮ ಪರದೆಯ ಕಡೆ ನೋಡಿದಳು, ಮಗಳ ಕಡೆ ನೋಡಲಿಲ್ಲ. "ಸಿಕ್ತು ಕಣೆ. ಅಲ್ಲೊಂದು ಮುರಿದ ಎಲೆ ಇದೆಯಲ್ಲ. ಎರಡು ಸಲ ಬಂದಿದೆ. ಮೇಲೊಂದು, ಕೆಳಗೆ ಎಡಕ್ಕೊಂದು."

ಹುಡುಕುತ್ತ ನಿಲ್ಲಲು ಹೊತ್ತಿರಲಿಲ್ಲ, ಬಸ್ಸಿನ ಸಮಯ. "ಸರಿ ಮಾಡ್ತೀನಿ" ಎಂದು ಹೇಳಿ ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ ಅವಳ ತಲೆಯಲ್ಲಿ ಕುಣಿದದ್ದು ಹಲಗೆಯ ಗಂಟು, ಬಿಟ್ಟ ಕಣ್ಣಿನ ಸಾಲು. ಅದೂ ಆಸ್ಪತ್ರೆಯ ಪರದೆ. ಅದನ್ನು ನೋಡುವವರೆಲ್ಲ ಅಮ್ಮನ ಹಾಗೆ ಮಲಗಿಯೇ ನೋಡುವವರು. ಹನ್ನೊಂದು ಗಂಟೆಗೆ ಯಜಮಾನರು ಕೇಳಿದಾಗ ಅವಳು ತಲೆ ತಗ್ಗಿಸಿ ಹೇಳಿದಳು, "ಇನ್ನೂ ಒಂದು ತಪ್ಪಿದೆ. ಸೋಮವಾರ ಕೊಡ್ತೀನಿ."

"ಆಯ್ತು ಬಿಡಿ. ನಿಮ್ಮ ಕೆಲಸದ ನಿಯತ್ತು ನನಗೆ ಗೊತ್ತಿಲ್ವಾ?" ಎಂದರು ಯಜಮಾನರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ಅಳಿಯನಿಗೆ ಫೋನು ಹೋಯಿತು.

ಅಂಚಕ್ಕ ಮುರಿದ ಎಲೆಯನ್ನು ಹುಡುಕಲು ಕೂತಳು. ಮೇಲಿನದು ಸಿಕ್ಕಿತು. ಕೆಳಗೆ ಎಡಕ್ಕಿರುವುದು ಸಿಗಲಿಲ್ಲ. ಇಂಚಿಂಚಾಗಿ ನೋಡಿದಳು, ದೊಡ್ಡದು ಮಾಡಿ ನೋಡಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಹನ್ನೆರಡು ಗಂಟೆಗೆ ಎದ್ದು ಮಷಿನ್ನಿನವನ ಹತ್ತಿರ ಹೋದಳು. "ನಿನ್ನೆ ಕೊಟ್ಟ ತುಂಡು ಎಷ್ಟು ಉದ್ದ ಇತ್ತು?"

"ಮಾಮೂಲಿ ಅಳತೆ ಅಕ್ಕ. ಒಂದೂವರೆ ಮೀಟರ್."

"ಒಂದೂವರೆಯಾ?"

"ನೀವು ಬೇರೆ ಏನೂ ಹೇಳ್ಲಿಲ್ವಲ್ಲ."

ಹೇಳಿರಲಿಲ್ಲ. ಚೌಕ ದೊಡ್ಡದಾಗಿದೆ, ತುಂಡೂ ಉದ್ದ ಬೇಕು ಎನ್ನುವುದನ್ನು ಅವಸರದಲ್ಲಿ ಮರೆತಿದ್ದಳು. ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ; ಆ ತುಂಡಿನಲ್ಲಿ ಇದ್ದದ್ದು ಸರಿಯಾಗಿ ಒಂದೇ ಒಂದು ಚೌಕ. ಮುರಿದ ಎಲೆಯನ್ನು ಅವಳು ಠಸ್ಸೆಯಿಂದ ಎಲ್ಲೂ ಒತ್ತಿರಲಿಲ್ಲ, ಅದರಲ್ಲಿ ಅದು ಒಂದೇ ಸಲ ಇತ್ತು. ಎರಡನೇ ಸಲ ಬರಬೇಕೆಂದರೆ ಬಟ್ಟೆಯೇ ಇರಲಿಲ್ಲ. ಅಮ್ಮನಿಗೆ ಕಂಡದ್ದು ಕಾಣಲು ಸಾಧ್ಯವೇ ಇಲ್ಲದ್ದು.

ಅವಳು ಅಲ್ಲಿಯೇ ನಿಂತಳು. ಮಷಿನ್ನಿನ ಸದ್ದಿನ ನಡುವೆಯೂ ಹೊರಗೆ ವ್ಯಾನು ಶುರುವಾದದ್ದು ಕೇಳಿಸಿತು. ಓಡಿದಳು. ಬೂದು ಕೋಣೆ ದಾಟಿ, ಮೆಟ್ಟಿಲಿಳಿದು, ಅಂಗಳಕ್ಕೆ ಬರುವಾಗ ವ್ಯಾನು ಗೇಟು ದಾಟಿ ರಸ್ತೆಗೆ ತಿರುಗುತ್ತಿತ್ತು. ಹಿಂದಿನ ಗಾಜಿನಲ್ಲಿ ಕ್ಯಾಮರಾ ಮಾವನ ಬೋಳುತಲೆ, ಪಕ್ಕದಲ್ಲಿ ಅಳಿಯನ ಹೊಸ ಟೋಪಿ. ಗೇಟಿನವನು ಬಾಗಿಲು ಎಳೆದು, "ಏನಾದ್ರೂ ಮರೆತು ಹೋದ್ರಾ ಅಂಚಕ್ಕ?" ಎಂದು ಕೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಅವಳು ಇಲ್ಲವೆಂದು ತಲೆಯಾಡಿಸಿ ಒಳಗೆ ಹೋಗಿ ಬೇಲಿಯನ್ನು ಯಜಮಾನರಿಗೆ ಒಪ್ಪಿಸಿದಳು. ಅದರಲ್ಲಿ ಸರಿ ಮಾಡುವುದು ಏನೂ ಇರಲಿಲ್ಲ.

ಆರೂಕಾಲಿಗೆ ಮನೆಗೆ ಬಂದವಳು ಪರದೆಯನ್ನು ಕಿತ್ತು ತಂದು ಅಮ್ಮನ ಹೊದಿಕೆಯ ಮೇಲೆ ಹರಡಿದಳು.

"ಮುರಿದ ಎಲೆ ಎರಡು ಸಲ ಬಂದಿದೆ ಅಂದ್ಯಲ್ಲ. ಬೆರಳಿಟ್ಟು ತೋರಿಸು."

ಅಮ್ಮನ ಬೆರಳು ಮೇಲಿನ ಎಲೆಯ ಮೇಲೆ ಸರಿಯಾಗಿ ಹೋಗಿ ಕೂತಿತು. ಆಮೇಲೆ ಕೆಳಕ್ಕೆ ಬಂತು, ಎಡಕ್ಕೆ ಹೋಯಿತು, ಅಲ್ಲಿ ಇಲ್ಲಿ ಅಲೆಯಿತು. ಕೊನೆಗೆ ಬಟ್ಟೆಯ ಅಂಚನ್ನು ಹಿಡಿದು ನಿಂತಿತು.

"ಇದರಲ್ಲಿ ಆ ಎಲೆ ಎರಡು ಸಲ ಇಲ್ಲಮ್ಮ. ಇರೋಕೆ ಜಾಗವೇ ಇಲ್ಲ."

ಅಮ್ಮ ಬಟ್ಟೆಯ ಅಂಚನ್ನು ಬಿಟ್ಟಳು. "ಹಳದಿ ಎಲೆ ನಿಜ" ಎಂದಳು ಆಮೇಲೆ. "ಅದಾದ ಮೇಲಿನ ಎರಡು ಸುಳ್ಳು."

"ಹೋಗು ಅಂದವಳು ನೀನೇ ಅಲ್ವಾ?"

"ಅಂದೆ. ಬಾಯಲ್ಲಿ ಅನ್ನೋದಕ್ಕೆ ಏನು ಖರ್ಚು?"

"ಹದಿನೆಂಟು ವರ್ಷ ಅಮ್ಮ! ಹದಿನೆಂಟು ವರ್ಷ ನಾನು ಆ ಕೋಣೇಲಿ..."

"ನಾನು ಹನ್ನೊಂದು ವರ್ಷ ಈ ಕೋಣೇಲಿ" ಎಂದಳು ಅಮ್ಮ. ದನಿಯಲ್ಲಿ ಜಗಳವಿರಲಿಲ್ಲ. "ನಿನ್ನ ಬಟ್ಟೇಲಿ ಯಾವುದು ಮತ್ತೆ ಬರುತ್ತೆ ಅಂತ ದಿನಾ ಹುಡುಕ್ತೀನಿ. ನನ್ನ ದಿನದಲ್ಲಿ ಮತ್ತೆ ಬರೋದು ಅಂತ ಇರೋದು ಒಂದೇ ಕಣೆ. ಆರೂಕಾಲಿಗೆ ನಿನ್ನ ಚಪ್ಪಲಿ ಸದ್ದು. ಅದನ್ನೂ ಹತ್ತು ಹತ್ತು ದಿನ ಅಳಿಸಿಬಿಟ್ರೆ ನಾನು ಯಾವುದನ್ನ ನೆಚ್ಚಿಕೊಂಡು ಮಲಗಲಿ?"

ಅಂಚಕ್ಕನಿಗೆ ಕೆಂಡದಂಥ ಸಿಟ್ಟು ಬಂದಿತ್ತು. ಕನಿಕರವೂ ಬಂದಿತ್ತು, ಅದಕ್ಕಾಗಿ ಸಿಟ್ಟು ಇನ್ನೂ ಹೆಚ್ಚಾಯಿತು. ತಾಯಿಯ ಮೇಲಿನ ಸಿಟ್ಟು ನುಂಗಲಾರದ ಬಿಸಿತುಪ್ಪ. ಉಗುಳೋಣವೆಂದರೆ ಉಗುಳುವ ಜಾಗವೂ ಅದೇ ಕೋಣೆ. ಬಾಗಿಲು ಬಡಿದುಕೊಂಡು ಹೋಗೋಣವೆಂದರೆ ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು. ಮಾತ್ರೆ ಕೊಟ್ಟಳು, ನೀರು ಕೊಟ್ಟಳು, ಬಾಯಿ ಒರೆಸಿದಳು. ಆ ವಾರ ಇಬ್ಬರೂ ಬೇಕಾದಷ್ಟೇ ಮಾತಾಡಿದರು.

ಆಸ್ಪತ್ರೆಯವರಿಗೆ ಬೇಲಿ ಬಹಳ ಹಿಡಿಸಿತು. ಎಷ್ಟು ನೋಡಿದರೂ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ ಎಂದು ಹೊಗಳಿ ಬರೆದರು. ಯಜಮಾನರು ಆ ಕಾಗದವನ್ನು ಅವಳ ಮೇಜಿಗೆ ತಂದಿಟ್ಟು, "ಇಂಥ ಕೈಯನ್ನ ಯಾರಾದರೂ ಹೊರಗೆ ಕಳಿಸ್ತಾರಾ, ನೀವೇ ಹೇಳಿ" ಎಂದರು. ಅಳಿಯನ ಫೋಟೋಗಳು ಬರತೊಡಗಿದವು. ಎಲ್ಲವೂ ಸೊಟ್ಟ. ಅವನ್ನು ನೇರ ಮಾಡುವ ಕೆಲಸವೂ ಅಂಚಕ್ಕನ ಪಾಲಿಗೆ ಬಂತು.

ಶೂ ಮಾತ್ರ ಮೇಜಿನ ಕೆಳಗೆ ಇದ್ದಲ್ಲೇ ಇತ್ತು. ಒಂದು ಸಂಜೆ ಅದು ಕಾಲಿಗೆ ತಾಗಿ ಅವಳಿಗೆ ಎಲ್ಲಿಲ್ಲದ ರೋಷ ಉಕ್ಕಿತು. ಚಪ್ಪಲಿಯನ್ನು ಚೀಲಕ್ಕೆ ತುರುಕಿ, ಶೂ ಹಾಕಿಕೊಂಡು, ಬಸ್ಸಿನಲ್ಲಿ ಮನೆಗಿಂತ ಎರಡು ನಿಲ್ದಾಣ ಹಿಂದೆಯೇ ಇಳಿದುಬಿಟ್ಟಳು. ಅಲ್ಲಿಂದ ನಡೆದಳು. ಸೈಕಲ್ ರಿಪೇರಿಯವನ ಮುಂದೆ ನಿಂತು ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುವುದನ್ನು ನೋಡಿದಳು. ಒಂದು ಮನೆಯ ಬೇಲಿಯ ಪಕ್ಕ ನಿಧಾನಕ್ಕೆ ಹೋದಳು. ಹಳದಿ ಎಲೆ ಬೇಕಾದಷ್ಟಿದ್ದವು, ಯಾರೂ ಅಳಿಸಿರಲಿಲ್ಲ. ಮನೆ ಸೇರಿದಾಗ ಆರೂವರೆ.

"ಬಸ್ ತಡ ಆಯ್ತಾ?" ಎಂದಳು ಅಮ್ಮ.

"ಹೂಂ" ಎಂದಳು ಅಂಚಕ್ಕ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಈ ಹದಿನೈದು ನಿಮಿಷ ತನ್ನದು. ಯಜಮಾನರದೂ ಅಲ್ಲ, ಅಮ್ಮನದೂ ಅಲ್ಲ. ಮರುದಿನವೂ ನಡೆದಳು. ಅದರ ಮರುದಿನವೂ. ಸೈಕಲ್‌ನವನು ತಲೆಯಾಡಿಸುವಷ್ಟು ಪರಿಚಯವಾದ. ಮೂರನೇ ವಾರದ ಹೊತ್ತಿಗೆ ಅವಳ ಹೆಜ್ಜೆ ಹಗುರಾಗಿತ್ತು, ಅತ್ತಿಗೆ ಕೂಡ "ಮುಖಕ್ಕೆ ಏನೋ ಕಳೆ ಬಂದಿದೆಯಲ್ಲೇ" ಎಂದು ಕೆಣಕಿದಳು.

ಅವತ್ತು ಸಂಜೆ ಅಂಚಕ್ಕ ಶೂ ಕಳಚಲು ಹೊಸಿಲ ಬಳಿ ಬಗ್ಗಿದ್ದಳು. ಒಳಗಿನಿಂದ ಅಮ್ಮನ ದನಿ ಬಂತು.

"ಈಗ ಚಪ್ಪಲಿ ಸದ್ದಿಲ್ಲ. ಮೆತ್ತಗಿನ ಹೆಜ್ಜೆ. ಬಸ್ ದಿನಾ ತಡ. ಆದ್ರೆ ಒಂದಿನ ಹತ್ತು ನಿಮಿಷ, ಇನ್ನೊಂದಿನ ಅರ್ಧ ಗಂಟೆ ಅಲ್ಲ. ದಿನಾ ಸರಿಯಾಗಿ ಹದಿನೈದೇ ನಿಮಿಷ. ಸಿಕ್ತು ಕಣೆ."

ಲೇಸು ಬಿಚ್ಚುತ್ತಿದ್ದ ಅಂಚಕ್ಕನ ಕೈ ನಿಂತಿತು. ಗೋಡೆಯ ಗಡಿಯಾರ ನೋಡಿದಳು. ಆರೂವರೆ, ನಿನ್ನೆಯೂ ಆರೂವರೆ, ಮೊನ್ನೆಯೂ ಆರೂವರೆ. ಯಾರೂ ಹೇಳದೆ, ಯಾರೂ ಕೇಳದೆ, ತನ್ನ ಹದಿನೈದು ನಿಮಿಷವನ್ನೂ ತಾನೇ ಅಂಚಿಗೆ ಅಂಚು ಕೂಡಿಸಿ ಸಾಲಾಗಿ ಜೋಡಿಸಿಟ್ಟಿದ್ದಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಒಂದು ಶೂ ಕಾಲಲ್ಲಿ, ಒಂದು ಶೂ ಕೈಯಲ್ಲಿ ಹಿಡಿದು ಹೊಸಿಲ ಮೇಲೆ ಹಾಗೇ ಕೂತಳು.

"ಸರಿ ಮಾಡ್ತೀನಿ ಬಿಡಮ್ಮ" ಎಂದಳು.